ಗಿಟಾರು ಸರಿದು ನಿಂತಾಗ: ಸಿಂಫೋನಿಕ್ ಮೆಟಲ್ ರಸಿಕರಿಗೊಂದು ಕೈಪಿಡಿ

ಹೆವಿ ಮೆಟಲ್ ತಂಡ, ಪಾಶ್ಚಾತ್ಯ ವಾದ್ಯವೃಂದ, ಮೇಳಗಾಯಕರು ಒಟ್ಟಿಗೆ ಕೂತು, ಸಾಮಾನ್ಯವಾಗಿ ಒಂದು ಕಥೆಯನ್ನೋ ಕಾವ್ಯವನ್ನೋ ಬೆನ್ನುಹತ್ತಿ, ಒಂದು ತಾಸಿನಷ್ಟು ಬೆಳೆಸುವ ಸಂಗೀತವೇ ಸಿಂಫೋನಿಕ್ ಮೆಟಲ್ ಆಲ್ಬಂ. ಇದನ್ನು ಗದ್ದಲವೆಂದು ತಳ್ಳುವವರ ಮಾತು ಇಲ್ಲಿ ಬೇಡ. ಅವರ ಕಿವಿ ಅವರಿಗೆ. ಹೆಚ್ಚು ಬೇಸರ ತರಿಸುವವರು ಮೆಚ್ಚುವವರೇ. ಪಿಟೀಲು ಬಂದ ಕಡೆ ಮೈ ಜುಮ್ಮೆಂದಿತೆಂದು ಆ ಅರ್ಧ ನಿಮಿಷವನ್ನು ಕತ್ತರಿಸಿ ಸ್ಟೇಟಸ್ಸಿಗೆ ಹಾಕುತ್ತಾರೆ, ಉಳಿದದ್ದನ್ನು ಕೇಳುವ ಗೋಜಿಗೇ ಹೋಗುವುದಿಲ್ಲ.

ಮೊದಲು ಅರಿಯಬೇಕಾದದ್ದು ಜಾಗದ ಲೆಕ್ಕ. ಡಿಸ್ಟಾರ್ಷನ್ ಹಾಕಿದ ಗಿಟಾರು ಸುಮಾರು 80 ಹರ್ಟ್ಸ್‌ನಿಂದ 5,000 ಹರ್ಟ್ಸ್‌ವರೆಗೆ ಕಾಲು ಚಾಚಿ ಮಲಗುತ್ತದೆ. ಚೆಲ್ಲೊ, ವಯೋಲಾ, ಫ್ರೆಂಚ್ ಹಾರ್ನ್, ಮನುಷ್ಯನ ದನಿ ಎಲ್ಲದರ ಮನೆಯೂ ಬಹುಪಾಲು ಅಲ್ಲೇ. ಅದರ ಕೆಳಗೆ ಬೇಸ್ ಗಿಟಾರು 41 ಹರ್ಟ್ಸ್‌ನಿಂದಲೇ ಶುರುವಾಗುತ್ತದೆ, ಜೊತೆಗೆ ಎರಡೂ ಕಾಲಲ್ಲಿ ಬಡಿಯುವ ಕಿಕ್ ಡ್ರಮ್. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಡಿಸ್ಟಾರ್ಷನ್ ಶಬ್ದದ ಅಲೆಯ ನೆತ್ತಿಯನ್ನೇ ಕತ್ತರಿಸುತ್ತದೆ; ತಂತಿಯನ್ನು ಮೆಲ್ಲಗೆ ಮೀಟಿದರೂ ಬಿಗಿಯಾಗಿ ಮೀಟಿದರೂ ಹೊರಬರುವ ಸದ್ದಿನ ಮಟ್ಟ ಹೆಚ್ಚುಕಡಿಮೆ ಒಂದೇ. ವಾದ್ಯವೃಂದದ ಬಲವಿರುವುದೋ ಪಿಸುಮಾತಿನಿಂದ ಆರ್ಭಟದವರೆಗಿನ ಏರಿಳಿತದಲ್ಲಿ. ಏರಿಳಿತವೇ ಇಲ್ಲದ ಸದ್ದಿನ ಎದುರು ಅರವತ್ತು ಮಂದಿ ಕೂತು ನುಡಿಸಿದರೂ ಕಿವಿಗೆ ಬೀಳುವುದು ಮಸುಕಾದ ಗುಂಯ್‌ಗುಟ್ಟುವಿಕೆ ಮಾತ್ರ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ದೊಡ್ಡಾಟ ನೋಡಿ ಬೆಳೆದವರಿಗೆ ಇದರ ಪರಿಹಾರ ಹೊಸದಲ್ಲ. ಅಟ್ಟದ ಹಲಗೆ ಮುರಿಯುವಂತೆ ವೇಷ ಕುಣಿಯುವಾಗ, ಮದ್ದಳೆ, ತಾಳಗಳ ಅಬ್ಬರದ ನಡುವೆಯೂ ಪುಟ್ಟ ಮುಖವೀಣೆ ಕೊನೆಯ ಸಾಲಿನವರೆಗೆ ಕೇಳುತ್ತಿತ್ತು. ಅದರ ದನಿ ಮದ್ದಳೆಯ ಸದ್ದಿಗಿಂತ ಮೇಲಿನ ಸ್ಥಾಯಿಯದು. ಹಲವೆಡೆ ಅದರ ಜಾಗಕ್ಕೆ ಹಾರ್ಮೋನಿಯಂ ಬಂದ ಮೇಲೆ ಮೈಕು ಅನಿವಾರ್ಯವಾಯಿತು. ಜಾಣ ಮೆಟಲ್ ಸಂಯೋಜಕನೂ ಪಿಟೀಲುಗಳನ್ನು ಮೇಲಕ್ಕೆ ಎತ್ತುತ್ತಾನೆ, ಹಿತ್ತಾಳೆ ವಾದ್ಯಗಳನ್ನು ಪೆಟ್ಟು ಬೀಳುವ ಕಡೆ ಮಾತ್ರ ಊದಿಸುತ್ತಾನೆ, ಚೆಲ್ಲೊಗೆ ಗಿಟಾರಿನ ರಿಫ್ಫನ್ನೇ, ಅಂದರೆ ಮರಳಿ ಮರಳಿ ಬರುವ ತುಣುಕನ್ನೇ, ನುಡಿಸಲು ಕೊಡುತ್ತಾನೆ, ಮೇಳಕ್ಕೆ ಉದ್ದನೆಯ ಸ್ವರಗಳನ್ನು ವಹಿಸುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇಕಾದಲ್ಲಿ ಗಿಟಾರನ್ನು ಸುಮ್ಮನಿರಿಸುತ್ತಾನೆ. ಆಲ್ಬಂ ಒಂದರ ಯೋಗ್ಯತೆಯನ್ನು ಗಿಟಾರು ಯಾವಾಗ ಸರಿದು ನಿಲ್ಲುತ್ತದೆ ಎಂಬುದರಿಂದಲೇ ಅಳೆಯಬಹುದು.

ರಾಕ್ ತಂಡ, ವಾದ್ಯವೃಂದಗಳ ಬೆರಕೆಯ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಒಂದು 1969ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯಿತು. ಡೀಪ್ ಪರ್ಪಲ್ ತಂಡದ ಜಾನ್ ಲಾರ್ಡ್ ಬರೆದ ಕನ್ಸರ್ಟೊವನ್ನು ಮಾಲ್ಕಂ ಆರ್ನಾಲ್ಡ್ ನಡೆಸಿದರು. ಅಲ್ಲಿ ತಂಡವೂ ವೃಂದವೂ ಹೆಚ್ಚಾಗಿ ಸರದಿಯಲ್ಲಿ ನುಡಿಸಿದವು, ಬೆಸುಗೆ ಕಡಿಮೆ. 1999ರ ಏಪ್ರಿಲ್‌ನಲ್ಲಿ ಮೆಟಾಲಿಕಾ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿಯೊಂದಿಗೆ ನುಡಿಸಿದಾಗ ಮೈಕೆಲ್ ಕಾಮೆನ್ ಹಳೆಯ ಹಾಡುಗಳ ಸುತ್ತ ಹೊಸ ಎಳೆಗಳನ್ನು ನೇಯ್ದರು. ಸೊಗಸಾದ ಕೆಲಸವೇ. ಆದರೆ ಹಾಡುಗಳು ಮೊದಲೇ ತುಂಬಿದ್ದವು, ವೃಂದಕ್ಕೆ ಉಳಿದದ್ದು ಅಂಚು. ಜನ ಇದನ್ನೇ ಶಿಖರವೆಂದು ಕೊಂಡಾಡುವುದು ಹೆಸರಿನ ಮೋಹ. ನಿಜವಾದ ಬೆಸುಗೆ ಸ್ವೀಡನ್ನಿನ ಥೇರಿಯನ್ 1996ರಲ್ಲಿ ಹೊರತಂದ ‘ಥೆಲಿ’ಯಲ್ಲಿದೆ. ಡೆತ್ ಮೆಟಲ್‌ನಿಂದ ಹೊರಟ ತಂಡ ಅಲ್ಲಿ ಮೇಳಗಾಯನವನ್ನೇ ಮುಖ್ಯ ಗಾಯಕನ ಪೀಠಕ್ಕೆ ತಂದಿತು.

ಹೊಸಬರು ಹಿಡಿಯಬೇಕಾದ ಆಲ್ಬಂ ಮಾತ್ರ ಫಿನ್ಲೆಂಡಿನ ನೈಟ್‌ವಿಶ್ ತಂಡದ ‘ಒನ್ಸ್’ (2004). ಸಂಯೋಜನೆ ತುವೊಮಸ್ ಹೊಲೊಪೈನೆನ್, ಗಾಯನ ತಾರ್ಯಾ ತುರುನೆನ್, ವೃಂದದ ಜೋಡಣೆ ಪಿಪ್ ವಿಲಿಯಮ್ಸ್. ಹತ್ತು ನಿಮಿಷದ ‘ಘೋಸ್ಟ್ ಲವ್ ಸ್ಕೋರ್’ ಈ ಕೈಪಿಡಿಯ ಇಡೀ ವಾದಕ್ಕೆ ಸಾಕ್ಷಿ. ನಡುವೆ ಗಿಟಾರು ಹಿಂದೆ ಸರಿದಾಗ ವಾದ್ಯವೃಂದ ಮೊದಲ ಬಾರಿಗೆ ಪೂರ್ತಿ ಉಸಿರೆಳೆಯುತ್ತದೆ. ಮತ್ತೆ ಎಲ್ಲರೂ ಕೂಡಿ ಬಂದಾಗ ಆ ಭಾರಕ್ಕೆ ಅರ್ಥ ಬರುತ್ತದೆ. ಮೊದಲ ಸಲ ಪೂರ್ತಿ ಕೇಳಬೇಕು, ಎರಡನೆಯ ಸಲ ಚೆಲ್ಲೊವನ್ನು ಮಾತ್ರ ಹಿಂಬಾಲಿಸಬೇಕು. ಒಳ್ಳೆಯ ಹೆಡ್‌ಫೋನ್ ಸಾಕು. ಮೊಬೈಲಿನ ಪುಟ್ಟ ಸ್ಪೀಕರು ಕೆಳಸ್ಥಾಯಿಯನ್ನು ನುಂಗುತ್ತದೆ. ಮೆರವಣಿಗೆಯ ಡಿಜೆ ಪೆಟ್ಟಿಗೆಗಳು ಕೆಳಸ್ಥಾಯಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ನುಂಗುತ್ತವೆ, ಅದಕ್ಕೇ ಎದೆ ನಡುಗಿದರೆ ಸಂಗೀತವಾಯಿತೆಂದು ನಂಬುವ ಪೀಳಿಗೆಯೇ ಬೆಳೆದಿದೆ.

ಮಹಾಕಾವ್ಯದ ಹರವಿಗೆ ವಾದ್ಯವೃಂದ ಬೇಕೇಬೇಕೆಂದಿಲ್ಲ. ಐರನ್ ಮೇಡನ್ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು, 2009ರ ಫೆಬ್ರವರಿಯಲ್ಲಿ ಮರಳಿದಾಗ, 1984ರ ‘ಪವರ್‌ಸ್ಲೇವ್’ ಆಲ್ಬಮ್ಮಿನ ‘ರೈಮ್ ಆಫ್ ದಿ ಏನ್ಷಿಯಂಟ್ ಮ್ಯಾರಿನರ್’ ಅನ್ನು ನುಡಿಸಿತು. ಕೋಲ್‌ರಿಜ್‌ನ ಕವನವನ್ನು ಸ್ಟೀವ್ ಹ್ಯಾರಿಸ್ ಹದಿಮೂರು ನಿಮಿಷ ಮೀರುವ ಹಾಡಾಗಿಸಿದ್ದು ಅದು. ನಡುವೆ ಗಿಟಾರುಗಳ ಗರ್ಜನೆ ಅಡಗಿ, ಬೇಸ್ ತಂತಿಯೂ ಹಡಗಿನ ಮರ ಕಿರಗುಟ್ಟುವ ಸದ್ದೂ ಉಳಿಯುತ್ತವೆ. ಮೈದಾನದ ಒಂದು ಪಾಲು ಆ ಹೊತ್ತಿಗೆ ಹರಟೆಗೆ ಇಳಿಯುವುದುಂಟು. ಈ ಕೈಪಿಡಿ ಬರೆದವರ ಕಿವಿ ತೆರೆದದ್ದು ಅದೇ ಭಾಗದಿಂದ. ಅದೇ ಮೈದಾನದಲ್ಲಿ 2011ರ ಅಕ್ಟೋಬರ್ 30ರಂದು ಮೆಟಾಲಿಕಾ ವೃಂದವಿಲ್ಲದೆ ನುಡಿಸಿತು, ಯಾವ ಕೊರತೆಯೂ ಕಾಣಲಿಲ್ಲ.

ಕಥೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಟಲಿಯ ರ‍್ಯಾಪ್ಸೊಡಿ ತಂಡದ ಖಡ್ಗ, ಡ್ರ್ಯಾಗನ್‌ಗಳ ಸರಣಿ ಬಾಲಿಶ. ಅದನ್ನು ಬಾಲಿಶವೆಂದು ತಿಳಿದೇ ಸವಿಯಬೇಕು. ಗೊಗ್ಗರು ದನಿಯ ಗ್ರೌಲ್ ರೂಢಿಯಾಗಲು ವಾರ ಸಾಕು. ನಾರ್ವೆಯ ಡಿಮ್ಮು ಬೋರ್ಗೀರ್ ಪ್ರಾಗ್ ಫಿಲ್ಹಾರ್ಮೋನಿಕ್ ಜೊತೆ ಮಾಡಿದ ‘ಡೆತ್ ಕಲ್ಟ್ ಆರ್ಮಗೆಡ್ಡನ್’ (2003) ಅದಕ್ಕೆ ತಕ್ಕದ್ದು. ಕನ್ನಡ ನಾಡಿನ ಮಟ್ಟಿಗೆ, 1998ರಿಂದಿರುವ ಬೆಂಗಳೂರಿನ ಕ್ರಿಪ್ಟೋಸ್ ವೃಂದದ ಹಂಗಿಲ್ಲದ ಹಳೆಯ ಮಾದರಿಯ ಮೆಟಲ್ ನುಡಿಸುತ್ತದೆ. ಬೆಂಗಳೂರಿನದೇ ಆದ ಅಗಂ ಮೆಟಲ್ ತಂಡವಲ್ಲ, ಆದರೂ ಅದರ 2017ರ ‘ಎ ಡ್ರೀಮ್ ಟು ರಿಮೆಂಬರ್’ ಆಲ್ಬಮ್ಮಿನಲ್ಲಿ ನಳಿನಕಾಂತಿ ರಾಗದ ತ್ಯಾಗರಾಜ ಕೃತಿ ರಾಕ್ ಗಿಟಾರಿನ ಜೊತೆ ಬರುತ್ತದೆ. ಕೃತಿಯ ಸಾಹಿತ್ಯ ಬಂದಾಗ ಗಿಟಾರು ಎಷ್ಟು ತಗ್ಗುತ್ತದೆಂಬುದನ್ನು ಅಲ್ಲಿಯೂ ಗಮನಿಸಬಹುದು.