ಕಿಟಕಿಯೀಚೆಯ ಕಣ್ಣು

'ರಿಯರ್ ವಿಂಡೋ' (1954) ನೋಡಿದ ಬಹಳ ಜನರಿಗೆ ಅದರ ಒಂದು ಶಾಟ್ ನೆನಪಿರುವುದಿಲ್ಲ. ಬೆಳಗಿನ ಜಾವ. ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಪತ್ರಿಕಾ ಛಾಯಾಗ್ರಾಹಕ ಜೆಫ್ ಗಾಲಿಕುರ್ಚಿಯಲ್ಲೇ, ಕಿಟಕಿಯ ಪಕ್ಕದಲ್ಲಿ ನಿದ್ದೆಹೋಗಿದ್ದಾನೆ. ಎದುರು ಮನೆಯ ಥಾರ್ವಾಲ್ಡ್ ಕಪ್ಪು ಉಡುಪಿನ ಹೆಂಗಸೊಬ್ಬಳ ಜತೆ ಬಾಗಿಲು ದಾಟಿ ಹೊರಟುಹೋಗುತ್ತಾನೆ. ಜೆಫ್ ಇದನ್ನು ನೋಡುವುದಿಲ್ಲ. ನಾವು ನೋಡುತ್ತೇವೆ. ಆಕೆ ಥಾರ್ವಾಲ್ಡ್‌ನ ಹೆಂಡತಿಯೇ ಆಗಿದ್ದರೆ ಕೊಲೆಯೇ ನಡೆದಿಲ್ಲ, ಕಥೆಯೂ ಇಲ್ಲ. ಅನುಮಾನವನ್ನು ಅಲ್ಲೇ ಕೈಬಿಡಲು ಬೇಕಾದ ಸಾಕ್ಷ್ಯವನ್ನು ಹಿಚ್‌ಕಾಕ್ ನಮ್ಮ ಕೈಗೇ ಕೊಟ್ಟಿದ್ದಾನೆ. ನಾವು ಅದನ್ನು ಪಕ್ಕಕ್ಕೆ ಸರಿಸಿ, ಜೆಫ್ ಎದ್ದು ಮತ್ತೆ ದುರ್ಬೀನು ಹಿಡಿಯುವುದನ್ನೇ ಕಾಯುತ್ತೇವೆ. ನಮಗೆ ಕೊಲೆ ಬೇಕು.

ಕದ್ದು ನೋಡುವವನೊಬ್ಬ ಕೊಲೆಗೆ ಸಾಕ್ಷಿಯಾಗುವ ಥ್ರಿಲ್ಲರ್‌ಗಳ ಇಡೀ ಪರಂಪರೆ ನಿಂತಿರುವುದು ಈ ಬೇಕು ಎನ್ನುವುದರ ಮೇಲೆ. ಹಿಚ್‌ಕಾಕ್ ಬೇರೂರಿಸಿದ ಇದನ್ನು ಇಂಗ್ಲೆಂಡಿನ ಮೈಕೆಲ್ ಪೊವೆಲ್, ಇಟಲಿಯ ಡಾರಿಯೊ ಅರ್ಜೆಂಟೊ, ಅಮೆರಿಕದ ಬ್ರಯನ್ ಡಿ ಪಾಲ್ಮಾ ತಮ್ಮ ತಮ್ಮ ರೀತಿಯಲ್ಲಿ ಬೆಳೆಸಿದರು ಅಥವಾ ಕೆಡಿಸಿದರು. ಗುರುವಂದನೆಯ ಹೆಸರಿನಲ್ಲಿ ಇಂಥ ಚಿತ್ರಗಳು ಇಂದಿಗೂ ಬರುತ್ತಲೇ ಇವೆ. ಅವನ್ನು ಅಳೆಯಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ನೋಡಿದ್ದಕ್ಕೆ ಬೆಲೆ ತೆರುವವರು ಯಾರು?

'ರಿಯರ್ ವಿಂಡೋ'ಗೆ ಮೂಲ ಕಾರ್ನೆಲ್ ವುಲ್‌ರಿಚ್ 1942ರಲ್ಲಿ ಪ್ರಕಟಿಸಿದ ಒಂದು ಸಣ್ಣಕಥೆ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನ ಹಿತ್ತಿಲೊಂದನ್ನು ಪ್ಯಾರಾಮೌಂಟ್ ಸ್ಟುಡಿಯೊದೊಳಗೇ ಕಟ್ಟಿ, ಎದುರಿನ ಕಟ್ಟಡಗಳ ಒಂದೊಂದು ಕಿಟಕಿಯಲ್ಲೂ ಒಂದೊಂದು ಸಂಸಾರ ಕೂರಿಸಿದರು. ಹೊಸದಾಗಿ ಮದುವೆಯಾದವರು, ಒಂಟಿ ಹೆಂಗಸು, ಪಿಯಾನೊ ನುಡಿಸುವ ಸಂಗೀತಗಾರ, ಕುಣಿಯುವ ಹುಡುಗಿ, ನಾಯಿಮರಿಯನ್ನು ಬುಟ್ಟಿಯಲ್ಲಿ ಕೆಳಗಿಳಿಸುವ ದಂಪತಿ. ಮದುವೆಗೆ ಹಿಂಜರಿಯುತ್ತಿರುವ ಜೆಫ್‌ನ ಮುಂದೆ ಮದುವೆಯ ಹತ್ತು ಬಗೆಗಳನ್ನು ಹರಡಿಟ್ಟಂತೆ. ಹಿನ್ನೆಲೆ ಸಂಗೀತ ಎನ್ನುವುದು ಇಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಕೇಳುವುದೆಲ್ಲ ಹಿತ್ತಿಲಿನಿಂದ ತೇಲಿಬರುವ ರೇಡಿಯೊ, ಪಿಯಾನೊ, ಜಗಳ, ಬೀದಿಯ ಸದ್ದು.

ತಂತ್ರ ಸರಳ. ಮೊದಲು ಜೆಫ್‌ನ ಮುಖ, ಆಮೇಲೆ ಅವನು ಕಂಡದ್ದು, ಮತ್ತೆ ಅವನ ಮುಖ. ನಡುವಿನ ತುಣುಕು ಬದಲಾದರೆ ಅದೇ ಮುಗುಳ್ನಗೆಯ ಅರ್ಥವೂ ಬದಲಾಗುತ್ತದೆ. ಮಗುವನ್ನು ತೋರಿಸಿದರೆ ಆತ ಸಹೃದಯ, ಬಟ್ಟೆ ಬದಲಿಸುವ ಹೆಣ್ಣನ್ನು ತೋರಿಸಿದರೆ ಚಪಲಚಿತ್ತ. ರಷ್ಯದ ಕುಲೆಶೋವ್‌ನಿಂದ ಕಲಿತ ಈ ಪಾಠವನ್ನು ಹಿಚ್‌ಕಾಕ್ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದ. ಅವನು ಬಾಯಿಬಿಟ್ಟು ಹೇಳದ ಇನ್ನೊಂದು ಮಾತಿದೆ. ಮುಖಕ್ಕೂ ದೃಶ್ಯಕ್ಕೂ ನಡುವಿನ ಸಂಬಂಧ ಕಟ್ಟುವವರು ನಾವೇ ಆದ್ದರಿಂದ, ಇಣುಕಿದ ತಪ್ಪಿನಲ್ಲೂ ನಮ್ಮ ಪಾಲಿದೆ.

ಚಿತ್ರದ ನಡುವೆ ಪೊಲೀಸ್ ಗೆಳೆಯ ಬಂದು ಕೊಲೆಯಾಗಿಲ್ಲ ಎಂದು ಹೇಳಿದಾಗ ಜೆಫ್ ಮತ್ತು ಅವನ ಪ್ರೇಯಸಿ ಲೀಸಾ ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ. ಒಬ್ಬ ಹೆಂಗಸು ಬದುಕಿದ್ದಾಳೆಂಬ ಸುದ್ದಿಗೆ ನಾವು ಹೀಗೆ ಸಪ್ಪಗಾಗುವುದೇ ಎಂದು ಲೀಸಾಳೇ ಬೆಚ್ಚುತ್ತಾಳೆ. ಇದಾದ ಸ್ವಲ್ಪ ಹೊತ್ತಿಗೇ ನಾಯಿಮರಿ ಸಾಯುತ್ತದೆ. ಅದರ ಒಡತಿ ಹಿತ್ತಿಲಿಗೆಲ್ಲ ಕೇಳುವಂತೆ ಕೂಗುತ್ತಾ ನೆರೆಹೊರೆಯವರನ್ನು ಶಪಿಸುತ್ತಾಳೆ. ಅಲ್ಲಿಯವರೆಗೆ ಕೋಣೆ ಬಿಟ್ಟು ಕದಲದಿದ್ದ ಕ್ಯಾಮೆರಾ ಆ ಗಳಿಗೆಯಲ್ಲಿ ಹೊರಗೆ ಬಂದು ಆ ಮುಖಗಳನ್ನು ಹತ್ತಿರದಿಂದ ಕಾಣುತ್ತದೆ. ಆಕೆ ಬೈಯುವುದು ಕಿಟಕಿಗಳಲ್ಲಿ ನಿಂತವರನ್ನು. ಟಿಕೆಟ್ ಕೊಂಡು ಕೂತವರೂ ಆ ಪಟ್ಟಿಯಿಂದ ಹೊರಗಿಲ್ಲ.

ಇಷ್ಟು ದೂರ ಬಂದ ಹಿಚ್‌ಕಾಕ್ ಕೊನೆಗೆ ಕ್ಷಮೆ ಕೊಟ್ಟುಬಿಡುತ್ತಾನೆ. ಕೊಲೆ ನಿಜ, ಜೆಫ್ ಸರಿ. ದಂಡವಾಗಿ ಇನ್ನೊಂದು ಕಾಲೂ ಮುರಿಯುತ್ತದೆ, ನಾವು ನಗುತ್ತೇವೆ. ಊಹೆ ನಿಜವಾದೊಡನೆ ಇಣುಕಿದ್ದು ಪತ್ತೇದಾರಿಕೆಯಾಗಿ, ಪತ್ತೇದಾರಿಕೆ ನಾಗರಿಕ ಕರ್ತವ್ಯವಾಗಿ ಬಡ್ತಿ ಪಡೆಯುತ್ತದೆ. ಮುಂದೆ ಬಂದ ನೂರಾರು ಅನುಕರಣೆಗಳು ಎತ್ತಿಕೊಂಡಿದ್ದು ಈ ಕ್ಷಮೆಯನ್ನೇ. ಆರೋಪವನ್ನು ಎತ್ತಿಕೊಂಡವರು ಕೆಲವರು ಮಾತ್ರ.

ಆ ಕೆಲವರಲ್ಲಿ ಹಿಚ್‌ಕಾಕ್ ತಾನೇ ಒಬ್ಬ ಎಂಬುದನ್ನು ಮರೆಯುವಂತಿಲ್ಲ. 'ವರ್ಟಿಗೋ'ದಲ್ಲಿ (1958) ಹಿಂಬಾಲಿಸಿ ನೋಡುತ್ತಿದ್ದೇನೆ ಎಂದುಕೊಂಡವನಿಗೆ ನಿಜವಾಗಿ ಒಂದು ನಾಟಕ ತೋರಿಸಲಾಗಿತ್ತು. ಎತ್ತರ ಕಂಡರೆ ತಲೆಸುತ್ತುವ ಅವನ ದೌರ್ಬಲ್ಯವನ್ನು ಲೆಕ್ಕ ಹಾಕಿಯೇ ಸಾಕ್ಷಿಯ ಪಾತ್ರಕ್ಕೆ ಆರಿಸಿಕೊಂಡಿದ್ದರು. 'ಸೈಕೋ'ದಲ್ಲಿ (1960) ನಾರ್ಮನ್ ಬೇಟ್ಸ್ ಗೋಡೆಯ ರಂಧ್ರವನ್ನು ಮುಚ್ಚಲು ನೇತುಹಾಕಿರುವ ಚಿತ್ರಪಟ ಸುಸನ್ನಾಳದ್ದು. ಸ್ನಾನ ಮಾಡುವ ಹೆಣ್ಣನ್ನು ಇಬ್ಬರು ಹಿರಿಯರು ಕದ್ದು ನೋಡಿದ ಬೈಬಲ್ ಪರಂಪರೆಯ ಕಥೆ ಅದು. ಒಂದು ಇಣುಕನ್ನು ಮುಚ್ಚಲು ಇನ್ನೊಂದು ಇಣುಕು!

ಅದೇ ವರ್ಷ, 'ಸೈಕೋ'ಗಿಂತ ಕೆಲವೇ ವಾರ ಮೊದಲು, ಲಂಡನ್ನಿನಲ್ಲಿ 'ಪೀಪಿಂಗ್ ಟಾಮ್' ತೆರೆಕಂಡಿತು. 'ದಿ ರೆಡ್ ಶೂಸ್' ಮಾಡಿ ಗೌರವ ಪಡೆದಿದ್ದ ಮೈಕೆಲ್ ಪೊವೆಲ್‌ನನ್ನು ಬ್ರಿಟಿಷ್ ವಿಮರ್ಶಕರು ಈ ಚಿತ್ರಕ್ಕಾಗಿ ಅಟ್ಟಾಡಿಸಿ ಬಡಿದರು, ತಾಯ್ನಾಡಿನಲ್ಲಿ ಅವನ ವೃತ್ತಿ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ನಾಯಕ ಮಾರ್ಕ್ ಸಿನಿಮಾ ಸ್ಟುಡಿಯೊದಲ್ಲಿ ಫೋಕಸ್ ಎಳೆಯುವ ಸಹಾಯಕ. ಟ್ರೈಪಾಡ್‌ನ ಕಾಲಿನಲ್ಲಿ ಕತ್ತಿ, ಕ್ಯಾಮೆರಾದ ಮೇಲೆ ಕನ್ನಡಿ: ಸಾಯುವವರು ತಮ್ಮ ಭಯವನ್ನು ತಾವೇ ನೋಡುತ್ತಾ ಸಾಯಬೇಕು, ಅದನ್ನು ಅವನು ಚಿತ್ರಿಸಿಕೊಳ್ಳಬೇಕು. ಇವನು ಹೀಗಾಗಲು ಕಾರಣ, ಭಯವನ್ನು ಅಧ್ಯಯನ ಮಾಡಲು ಮಗನನ್ನೇ ಹಗಲಿರುಳು ಚಿತ್ರೀಕರಿಸಿದ ವಿಜ್ಞಾನಿ ತಂದೆ. ಆ ಹಳೆಯ ತುಣುಕುಗಳಲ್ಲಿ ತಂದೆಯಾಗಿ ಕಾಣಿಸಿಕೊಳ್ಳುವುದು ಸ್ವತಃ ಪೊವೆಲ್, ಬಾಲಕನಾಗಿ ಅವನದೇ ಮಗ. ನಿರ್ದೇಶಕನೊಬ್ಬ ತನ್ನ ಕಸುಬಿನ ಮೇಲೆ ಇದಕ್ಕಿಂತ ಕಟುವಾದ ಆರೋಪಪಟ್ಟಿ ಬರೆದದ್ದು ನನಗೆ ಗೊತ್ತಿಲ್ಲ. ಚಿತ್ರದಲ್ಲಿ ಮಾರ್ಕ್‌ನನ್ನು ಮೊದಲು ಅರಿಯುವುದು ಮಹಡಿಯ ಕೆಳಗಿನ ಕುರುಡಿ. ರಾತ್ರಿ ಅವನ ಕೋಣೆಯಲ್ಲಿ ಓಡುವ ಪ್ರೊಜೆಕ್ಟರಿನ ಸದ್ದಿನಿಂದಲೇ ಏನೋ ಸರಿಯಿಲ್ಲವೆಂದು ಆಕೆಗೆ ಗೊತ್ತಾಗುತ್ತದೆ. ಎರಡು ದಶಕ ಮೂಲೆಗುಂಪಾಗಿದ್ದ ಈ ಚಿತ್ರವನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಮಾರ್ಟಿನ್ ಸ್ಕೊರ್ಸೆಸಿ ಮುಖ್ಯ.

ಇಟಲಿಯವರಿಗೆ ಇಷ್ಟು ಪಾಪಪ್ರಜ್ಞೆಯಿಲ್ಲ. ಮಾರಿಯೊ ಬಾವ 1963ರಲ್ಲಿ ಹಿಚ್‌ಕಾಕ್‌ನ ಶೀರ್ಷಿಕೆಯನ್ನೇ ತಿರುಚಿ 'ದಿ ಗರ್ಲ್ ಹೂ ನ್ಯೂ ಟೂ ಮಚ್' ಮಾಡಿದ. ಅಲ್ಲಿಂದ ಶುರುವಾದ ಜಿಯಾಲೊ ಎಂಬ ಪ್ರಕಾರದಲ್ಲಿ ಕಪ್ಪು ಕೈಗವಸು, ಹೊಳೆಯುವ ಕತ್ತಿ, ಚೆಂದದ ಹೆಣಗಳು ಹೇರಳ. ಬಹುಪಾಲು ಚಿತ್ರಗಳು ಫ್ಯಾಷನ್ ಪತ್ರಿಕೆಯ ಪುಟಕ್ಕೆ ರಕ್ತ ಚೆಲ್ಲಿದಂತಿವೆ. ಆದರೆ ಅರ್ಜೆಂಟೊ ಒಂದು ಹೊಸ ಮಾತು ಸೇರಿಸಿದ: ಕಣ್ಣು ಕಂಡಿರುತ್ತದೆ, ಬುದ್ಧಿ ಓದಿರುವುದಿಲ್ಲ. 'ದಿ ಬರ್ಡ್ ವಿತ್ ದಿ ಕ್ರಿಸ್ಟಲ್ ಪ್ಲೂಮೇಜ್'ನಲ್ಲಿ (1970) ಎರಡು ಗಾಜಿನ ಬಾಗಿಲುಗಳ ನಡುವೆ ಸಿಕ್ಕಿಬಿದ್ದ ಲೇಖಕ ಎದುರಿಗೇ ನಡೆಯುವ ಹಲ್ಲೆಯನ್ನು ಕಾಣುತ್ತಾನೆ, ಯಾರು ಯಾರನ್ನು ಹೊಡೆಯುತ್ತಿದ್ದರೆಂಬುದನ್ನೇ ತಪ್ಪಾಗಿ ತಿಳಿಯುತ್ತಾನೆ. 'ಡೀಪ್ ರೆಡ್'ನಲ್ಲಂತೂ (1975) ಕೊಲೆಗಾರ್ತಿಯ ಮುಖ ಚಿತ್ರದ ಆರಂಭದಲ್ಲೇ ತೆರೆಯ ಮೇಲೆ ಹಾದುಹೋಗುತ್ತದೆ. ಗೋಡೆಯ ತುಂಬ ಚಿತ್ರಪಟಗಳಿರುವ ಮೊಗಸಾಲೆಯಲ್ಲಿ ಅದೂ ಒಂದು ಪಟವೆಂದುಕೊಂಡು ನಾಯಕ ದಾಟುತ್ತಾನೆ. ಅದು ಕನ್ನಡಿ. ನಾಯಕನ ಜತೆ ನಾವೂ ಮೋಸಹೋಗಿರುತ್ತೇವೆ. ಹಿಂದಕ್ಕೆ ತಿರುಗಿಸಿ ನೋಡಿದರೆ ಆ ಮುಖ ಅಲ್ಲೇ ಇದೆ.

ಆ ನಾಯಕ ಡೇವಿಡ್ ಹೆಮಿಂಗ್ಸ್. ಆಂಟೊನಿಯೊನಿಯ 'ಬ್ಲೋ ಅಪ್'ನಲ್ಲಿ (1966) ಲಂಡನ್ನಿನ ಉದ್ಯಾನದಲ್ಲಿ ತೆಗೆದ ಫೋಟೊವನ್ನು ದೊಡ್ಡದು ಮಾಡುತ್ತಾ ಹೋಗಿ, ಪೊದೆಯಲ್ಲಿ ಪಿಸ್ತೂಲಿದೆಯೋ ಬರೀ ಕಪ್ಪು ಚುಕ್ಕೆಗಳಿವೆಯೋ ಎಂದು ತಿಳಿಯದೆ ಉಳಿದವನೂ ಇವನೇ. ಅರ್ಜೆಂಟೊ ಬೇಕೆಂದೇ ಅವನನ್ನು ಕರೆಸಿಕೊಂಡಂತಿದೆ.

ಈಗ ಡಿ ಪಾಲ್ಮಾ. ಹಿಚ್‌ಕಾಕ್‌ನ ಜೇಬುಗಳ್ಳ ಎಂದು ಅವನನ್ನು ಬೈದವರೂ ಇದ್ದಾರೆ, ಏಕೈಕ ನಿಜವಾದ ಶಿಷ್ಯ ಎಂದು ಹೊಗಳಿದವರೂ ಇದ್ದಾರೆ. ಎರಡೂ ಮಾತಿಗೆ ಆಧಾರ ಒಂದೇ ಚಿತ್ರದಲ್ಲಿ ಸಿಗುತ್ತದೆ: 'ಬಾಡಿ ಡಬಲ್' (1984). ಸಣ್ಣಪುಟ್ಟ ಪಾತ್ರಗಳ ನಟ ಜೇಕ್‌ಗೆ ಇಕ್ಕಟ್ಟಿನ ಜಾಗದ ಭಯ. ಶವಪೆಟ್ಟಿಗೆಯಲ್ಲಿ ಮಲಗಲಾಗದೆ ರಕ್ತಪಿಶಾಚಿಯ ಪಾತ್ರ ಕಳೆದುಕೊಳ್ಳುತ್ತಾನೆ, ಮನೆಗೆ ಬಂದರೆ ಪ್ರೇಯಸಿ ಬೇರೊಬ್ಬನ ಜತೆ. ಹೊಸದಾಗಿ ಪರಿಚಯವಾದ ಗೆಳೆಯನೊಬ್ಬ ಅವನಿಗೆ ಹಾಲಿವುಡ್ ಬೆಟ್ಟದ ಮೇಲಿನ ಎಂಟು ಮೂಲೆಯ ಗಾಜಿನ ಮನೆಯ ಕೀಲಿ ಕೊಡುತ್ತಾನೆ (ವಾಸ್ತುಶಿಲ್ಪಿ ಜಾನ್ ಲಾಟ್ನರ್ ಕಟ್ಟಿದ ಕೆಮೊಸ್ಫಿಯರ್ ಎಂಬ ಆ ಮನೆ ಒಂದೇ ಕಂಬದ ಮೇಲೆ ನಿಂತಿದೆ), ಜತೆಗೊಂದು ದೂರದರ್ಶಕ. ಎದುರಿನ ಕಿಟಕಿಯಲ್ಲಿ ರಾತ್ರಿ ರಾತ್ರಿ ಒಬ್ಬಳು ಕುಣಿಯುತ್ತಾಳೆ, ನೋಡಿದವನು ಹಿಂಬಾಲಿಸುತ್ತಾನೆ, ಆಕೆಯ ಕೊಲೆಯಾಗುತ್ತದೆ. 'ರಿಯರ್ ವಿಂಡೋ'ದ ಕಿಟಕಿಗೆ 'ವರ್ಟಿಗೋ'ದ ಸಂಚನ್ನು ಜೋಡಿಸಿದ ಕಥೆ: ಕುಣಿಯುತ್ತಿದ್ದವಳು ಸತ್ತವಳಲ್ಲ, ಬಾಡಿಗೆಗೆ ತಂದ ನೀಲಿಚಿತ್ರಗಳ ನಟಿ, ಜೇಕ್ ನೋಡಲಿ ಎಂದೇ ಇಡೀ ಪ್ರದರ್ಶನ ಏರ್ಪಾಡಾಗಿತ್ತು. ಆ ನಟಿಯ ಪಾತ್ರದಲ್ಲಿ ಮೆಲನಿ ಗ್ರಿಫಿತ್, 'ದಿ ಬರ್ಡ್ಸ್'ನ ನಾಯಕಿ ಟಿಪ್ಪಿ ಹೆಡ್ರನ್‌ಳ ಮಗಳು. ಇಂಥ ಕಡೆ ಡಿ ಪಾಲ್ಮಾ ನಾಚಿಕೆ ಬಿಟ್ಟವನು.

ಇವನ ಚತುರತೆ ಇರುವುದು ಸಂಚಿನಲ್ಲಲ್ಲ, ಆ ಸಂಚು ಸಿನಿಮಾದ ಕಸುಬನ್ನೇ ಹೋಲುವುದರಲ್ಲಿ. ಕೂರಲು ಜಾಗ, ನೋಡಲು ಗಾಜು, ಬಯಸಲು ದೇಹ ಒದಗಿಸಿ, ನೋಡುಗ ಎಲ್ಲಿ ಮೈಮರೆಯುತ್ತಾನೆ ಎಂದು ಕಾಯುವ ಕೊಲೆಗಾರ ಥೇಟ್ ನಿರ್ದೇಶಕನೇ. ಇಷ್ಟನ್ನು ಇಷ್ಟು ನಿಚ್ಚಳವಾಗಿ ಹೇಳಿದ ಇನ್ನೊಂದು ಗುರುವಂದನೆ ಇಲ್ಲ. ಆದರೆ ಡ್ರಿಲ್ ಯಂತ್ರದ ಆ ಕೊಲೆಯನ್ನು ಏನು ಮಾಡುವುದು? ಕೊರೆಯುವ ಯಂತ್ರ, ಅದನ್ನು ಹಿಡಿದವನ ನಿಲುವು, ಕೆಳಗೆ ಹೆಣ್ಣು: ಚಿತ್ರ ಆಕ್ಷೇಪಿಸುತ್ತಿದೆ ಎನ್ನುವ ಚಪಲವನ್ನೇ ಇಲ್ಲಿ ಚಪ್ಪರಿಸುತ್ತಿದೆ. ಜೇಕ್‌ಗೆ ಕೊನೆಯಲ್ಲಿ ಕಳೆದ ಪಾತ್ರವೂ ಸಿಗುತ್ತದೆ, ಧೈರ್ಯವೂ ಸಿಗುತ್ತದೆ. ಎದುರು ಮನೆಯ ಗ್ಲೋರಿಯಾಳಿಗೆ ಸಿಕ್ಕಿದ್ದು ಸಾವು; ಅದಕ್ಕಾಗಿ ಚಿತ್ರ ಅರೆಗಳಿಗೆಯೂ ದುಃಖಿಸುವುದಿಲ್ಲ. ಲಾರಾ ಮಲ್ವಿ 1975ರಲ್ಲಿ 'ಸ್ಕ್ರೀನ್' ಪತ್ರಿಕೆಯಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ವಾದ ನೆನಪಾಗುತ್ತದೆ: ಹಾಲಿವುಡ್‌ನಲ್ಲಿ ನೋಡುವ ಕೆಲಸ ಗಂಡಿನದು, ನೋಡಿಸಿಕೊಳ್ಳುವ ಕೆಲಸ ಹೆಣ್ಣಿನದು. ಮಲ್ವಿಯ ಸೂತ್ರ ಹಿಚ್‌ಕಾಕ್‌ಗೆ ಪೂರ್ತಿ ಒಗ್ಗುವುದಿಲ್ಲ ಎಂದು ಆಮೇಲಿನ ಸ್ತ್ರೀವಾದಿ ವಿಮರ್ಶಕಿಯರೇ ತೋರಿಸಿದ್ದಾರೆ. ನಿಜ, ಜೆಫ್ ಕುರ್ಚಿಗೆ ಅಂಟಿಕೊಂಡಿರುವಾಗ ಗೋಡೆ ಹತ್ತಿ ಕೊಲೆಗಾರನ ಮನೆ ಹೊಕ್ಕವಳು ಲೀಸಾ. 'ಬಾಡಿ ಡಬಲ್'ಗೆ ಮಾತ್ರ ಅಂಥ ರಿಯಾಯಿತಿ ಕೊಡಲು ನನಗೆ ಮನಸ್ಸಿಲ್ಲ.

ಅದೇ ನಿರ್ದೇಶಕ ಮೂರು ವರ್ಷ ಮೊದಲು ಮಾಡಿದ 'ಬ್ಲೋ ಔಟ್' (1981) ಬೇರೆಯೇ ಎತ್ತರದ್ದು. ಫಿಲಡೆಲ್ಫಿಯಾದ ಅಗ್ಗದ ಭೀತಿಚಿತ್ರಗಳಿಗೆ ಸದ್ದು ಒದಗಿಸುವ ಜ್ಯಾಕ್ ಒಂದು ರಾತ್ರಿ ಗಾಳಿಯ ಸದ್ದು ಹಿಡಿಯಲು ಹೋಗಿ ಕಾರೊಂದು ಹೊಳೆಗೆ ಬೀಳುವ ಸದ್ದನ್ನು ಹಿಡಿಯುತ್ತಾನೆ. ಟೈರ್ ಸಿಡಿಯುವ ಮುನ್ನ ಗುಂಡಿನ ಸದ್ದೂ ಅದರಲ್ಲಿದೆ. ಇಲ್ಲಿ ಇಣುಕುವುದು ಕಣ್ಣಲ್ಲ, ಕಿವಿ. ಜ್ಯಾಕ್‌ನ ಊಹೆಯೆಲ್ಲ ಸರಿ, ಪುರಾವೆಯೆಲ್ಲ ಗಟ್ಟಿ. ಆದರೂ ಆ ಕಾರಿನಲ್ಲಿದ್ದ ಸ್ಯಾಲಿ ಎಂಬ ಹುಡುಗಿಯನ್ನು ಕೊನೆಗೆ ಉಳಿಸಲಾಗುವುದಿಲ್ಲ. ಮೈಗೆ ಮೈಕ್ ಕಟ್ಟಿ ಅವಳನ್ನು ಕೊಲೆಗಾರನ ಬಳಿಗೆ ಕಳುಹಿಸಿದವನೇ ಅವನು. ಬಾಣಬಿರುಸಿನ ಬೆಳಕಿನಡಿ ಅವಳ ಹೆಣವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾನೆ. ಚಿತ್ರದ ಆರಂಭದಲ್ಲಿ ಒಂದು ಅಗ್ಗದ ಸಿನಿಮಾಕ್ಕೆ ಸರಿಯಾದ ಕಿರುಚಾಟ ಸಿಕ್ಕಿರಲಿಲ್ಲ. ಈಗ ಸಿಕ್ಕಿದೆ, ಸ್ಯಾಲಿ ಸಾಯುವ ಮುನ್ನ ಕೂಗಿದ್ದು. ಅದನ್ನೇ ಜೋಡಿಸಿ ಜ್ಯಾಕ್ ಕಿವಿ ಮುಚ್ಚಿಕೊಳ್ಳುತ್ತಾನೆ. ಬೆಲೆ ಇಲ್ಲೂ ಹೆಣ್ಣೇ ತೆರುತ್ತಾಳೆ. ವ್ಯತ್ಯಾಸವೆಂದರೆ ಚಿತ್ರಕ್ಕೆ ಅದು ಗೊತ್ತಿದೆ, ಆ ಸಾಲವನ್ನು ನಾಯಕನ ಹೆಸರಿಗೂ ನಮ್ಮ ಹೆಸರಿಗೂ ಬರೆದಿಟ್ಟಿದೆ.

ಕನ್ನಡದಲ್ಲಿ ಈ ಧಾರೆ ಗಟ್ಟಿಯಾಗಿ ಹರಿಯಲಿಲ್ಲ. ಕಾಶಿನಾಥ್ 'ಅಪರಿಚಿತ'ದಲ್ಲಿ (1978) ಕುತೂಹಲ ಕಟ್ಟಿದರು. ಸುನೀಲ್ ಕುಮಾರ್ ದೇಸಾಯಿ 'ತರ್ಕ'ದಲ್ಲಿ ಹಾಡಿಲ್ಲದೆಯೂ ಪ್ರೇಕ್ಷಕರನ್ನು ಕೂರಿಸಿದರು. ಆದರೆ 'ತರ್ಕ'ದ ಬೇರು ಅಗಾಥಾ ಕ್ರಿಸ್ಟಿಯ ರಂಗನಾಟಕದಲ್ಲಿದೆ. ಅಲ್ಲಿನ ಪ್ರಶ್ನೆ ಕೊಂದವರು ಯಾರು ಎಂಬುದು. ನೋಡುತ್ತಿರುವವರು ಯಾರು ಎಂಬ ಪ್ರಶ್ನೆ ಬೇರೆ ಶಾಲೆಯದು.

ಇತ್ತೀಚಿನ ಗುರುವಂದನೆಗಳಲ್ಲಿ ಬಹುಪಾಲು ನನಗೆ ನೀರಸ. 'ಡಿಸ್ಟರ್ಬಿಯಾ' (2007) ಗೃಹಬಂಧನದ ಹುಡುಗನಿಗೆ ದುರ್ಬೀನು, ವಿಡಿಯೊ ಕ್ಯಾಮೆರಾ ಕೊಟ್ಟು, ಪಕ್ಕದ ಮನೆಯ ಹುಡುಗಿಯನ್ನು ಇಣುಕಿದ್ದನ್ನು ಪ್ರೇಮಪ್ರಸಂಗವಾಗಿಸಿತು. ತನ್ನನ್ನು ಕದ್ದು ನೋಡಿದ್ದು ತಿಳಿದ ಹುಡುಗಿ ಅದಕ್ಕೇ ಕರಗುತ್ತಾಳೆ. ವುಲ್‌ರಿಚ್ ಕಥೆಯ ಹಕ್ಕುದಾರರು ಈ ಚಿತ್ರದ ವಿರುದ್ಧ ಹಾಕಿದ ಮೊಕದ್ದಮೆ 2010ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಎರಡಕ್ಕೂ ಹೇಳಿಕೊಳ್ಳುವಂಥ ಹೋಲಿಕೆಯಿಲ್ಲವೆಂದು ತೀರ್ಪು. ನ್ಯಾಯಾಲಯ ಬೇರೆ ಅರ್ಥದಲ್ಲಿ ಹೇಳಿದ್ದು, ವಿಮರ್ಶೆಯಾಗಿಯೂ ಸರಿಯೇ. 'ದಿ ವುಮನ್ ಇನ್ ದಿ ವಿಂಡೋ' (2021) ಹೆಣ್ಣಿನ ಕಣ್ಣನ್ನು ಕಿಟಕಿಗೆ ತಂದಿತು, ಹಳೆಯ ಚಿತ್ರಗಳನ್ನು ಅವಳ ಟಿವಿಯಲ್ಲಿ ಓಡಿಸಿತು. ಕೊನೆಗೆ ಅವಳು ಕಂಡದ್ದೆಲ್ಲ ನಿಜವಾಯಿತು, ಎಲ್ಲ ಮಾಫಿ. ಮೈಕೆಲ್ ಹನೆಕೆಯ 'ಹಿಡನ್' (2005) ಇವಕ್ಕೆ ತಕ್ಕ ಉತ್ತರ. ಮನೆಯ ಹೊರಗಿನಿಂದ ಯಾರೋ ಚಿತ್ರಿಸಿದ ಟೇಪುಗಳು ಪ್ಯಾರಿಸ್ಸಿನ ಸುಖೀ ಕುಟುಂಬವೊಂದಕ್ಕೆ ಬರುತ್ತವೆ, ಕಳುಹಿಸಿದವರು ಯಾರೆಂದು ಚಿತ್ರ ಹೇಳುವುದಿಲ್ಲ. ಆದರೆ ಆ ಮನೆಯ ಯಜಮಾನ ಬಾಲ್ಯದಲ್ಲಿ ಒಬ್ಬ ಅಲ್ಜೀರಿಯನ್ ಹುಡುಗನಿಗೆ ಮಾಡಿದ ಅನ್ಯಾಯ ಮಾತ್ರ ಹೊರಗೆ ಬೀಳುತ್ತದೆ. ಗುರುವಿನ ಒಂದು ಶಾಟನ್ನೂ ನಕಲು ಮಾಡದ ಈ ಚಿತ್ರ ಗುರುವಿಗೆ ಹತ್ತಿರವಾದದ್ದು.

ಈ ಪರಂಪರೆಯನ್ನು ಹೊಸದಾಗಿ ನೋಡಲು ಹೊರಟವರು 'ರಿಯರ್ ವಿಂಡೋ'ದಿಂದ ಶುರುಮಾಡಲಿ, ಥಾರ್ವಾಲ್ಡ್ ಮುಂಜಾವದಲ್ಲಿ ಹೊರಡುವ ಶಾಟ್‌ನಲ್ಲಿ ಸ್ವಲ್ಪ ತಡೆಯಲಿ. ಆಮೇಲೆ 'ಪೀಪಿಂಗ್ ಟಾಮ್', 'ಡೀಪ್ ರೆಡ್', 'ಬ್ಲೋ ಔಟ್'. 'ಬಾಡಿ ಡಬಲ್' ಕಡೆಗಿರಲಿ. ಅದರ ಜಾಣತನವನ್ನೂ ಅಪರಾಧವನ್ನೂ ಬೇರೆ ಬೇರೆಯಾಗಿ ಕಾಣಲು ಉಳಿದವನ್ನೆಲ್ಲ ಮೊದಲು ನೋಡಿರಬೇಕು.