ಕಿಳ್ಳೇಕ್ಯಾತನ ಗೊಂಬೆ

ತೊಗಲುಗೊಂಬೆ ಆಟದ ಹಾಸ್ಯಗಾರ ಕಿಳ್ಳೇಕ್ಯಾತ. ಕಪ್ಪು ಮೈ, ಗುಂಗುರು ಕೂದಲು, ಡೊಳ್ಳು ಹೊಟ್ಟೆಯ ಈತ ಹೆಂಡತಿ ಬಂಗಾರಕ್ಕನೊಡನೆ ಪರದೆಗೆ ಬಂದರೆ ಹಾಡು, ಕುಣಿತ, ಜಗಳ ಮೂರೂ ಒಟ್ಟಿಗೆ ಶುರುವಾಗುತ್ತವೆ. ಆಟವಾಡಿಸುವ ಸಮುದಾಯಕ್ಕೂ ಅವನದೇ ಹೆಸರು.

ಗೊಂಬೆಗೆ ಮೇಕೆಯ ತೊಗಲನ್ನು ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳುವಾಗಿ ಹದಗೊಳಿಸುತ್ತಾರೆ. ಆಕಾರ ಬರೆದು, ಸಣ್ಣ ಉಳಿಗಳಿಂದ ರಂಧ್ರ ಕೊರೆದು, ಎರಡೂ ಬದಿಗೆ ಬಣ್ಣ ಹಚ್ಚುತ್ತಾರೆ. ರಾಮ, ರಾವಣರ ಗೊಂಬೆಗಳು ಬಹುಪಾಲು ಒಂದೇ ತುಂಡು; ಗಾಂಭೀರ್ಯಕ್ಕೆ ಅಷ್ಟು ಸಾಕು. ಹಾಸ್ಯದ ಗೊಂಬೆಗೆ ಮಾತ್ರ ಕೀಲುಗಳು ಬೇಕೇ ಬೇಕು. ಮದ್ದಳೆಯ ಪೆಟ್ಟಿಗೆ ಕೈಕಾಲು ಎಸೆದು, ಹಾಡಿನ ನಡೆ ಬದಲಾದೊಡನೆ ತಾನೂ ಬದಲಾಗುವ ಆ ಚುರುಕು ಕೀಲುಗಳಲ್ಲೇ ಇದೆ. ಈ ಕಲೆಯ ಅತ್ಯಂತ ಜಾಣ ಕೆಲಸ ಇದೇ. ಹಾಡುವ ದನಿ ಪರದೆಯ ಹಿಂದಿನವರದು. ನೋಡುವವರಿಗೆ ಹಾಡುವವನು ಕಿಳ್ಳೇಕ್ಯಾತನೇ.

ಎಂ.ಎಸ್. ನಂಜುಂಡರಾವ್ ಸಂಗ್ರಹಿಸಿದ ತೊಗಲುಗೊಂಬೆಗಳು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಸಂಗ್ರಹಾಲಯದಲ್ಲಿವೆ. ಗಾಜಿನ ಹಿಂದೆ ಬಣ್ಣ, ಕುಸುರಿ ಕಾಣುತ್ತವೆ. ಲಯ ಕಾಣಲು ದೀಪ, ಪರದೆ, ಮದ್ದಳೆ ಬೇಕು. ಹಾಗೆ ಪರದೆಯ ಹಿಂದೆ ಗೊಂಬೆಗಳನ್ನು ಆಡಿಸುತ್ತ ಬಂದ ಕಲಾವಿದೆ, ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು.