ಬರಿಗೈಗೆ ಸಿಕ್ಕ ಅತಿಯಾದ ಹೊಗಳಿಕೆ

ಕ್ಯಾಮೆರಾದಿಂದ ಬರಿಗೈಯ ಚಲನೆ ಗುರುತಿಸುವ ಹ್ಯಾಂಡ್ ಟ್ರ್ಯಾಕಿಂಗ್ ಬಂದಮೇಲೆ ವರ್ಚುವಲ್ ರಿಯಾಲಿಟಿಯಲ್ಲಿ ಕಂಟ್ರೋಲರ್‌ನ ಕಾಲ ಮುಗಿಯಿತು ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. 2013ರ ಲೀಪ್ ಮೋಷನ್ ಸಾಧನದಿಂದ 2019ರ ಕೊನೆಗೆ ಆಕ್ಯುಲಸ್ ಕ್ವೆಸ್ಟ್ ಹೆಡ್‌ಸೆಟ್ಟಿಗೆ ಸಿಕ್ಕ ಬರಿಗೈ ಸೌಲಭ್ಯದವರೆಗಿನ ಕಥೆ ಓದುಗರಿಗೆ ಗೊತ್ತಿದ್ದದ್ದೇ. ಯೂನಿಟಿ ಎಂಬ ಗೇಮ್ ಎಂಜಿನ್‌ನಲ್ಲಿ ಪ್ಯಾಕೇಜ್ ಸೇರಿಸಿ, ಸಿದ್ಧ ಕೈಯೊಂದನ್ನು ದೃಶ್ಯದೊಳಗೆ ಇಟ್ಟರೆ ಅರ್ಧ ದಿನದಲ್ಲಿ ಬೆರಳುಗಳು ಆಡತೊಡಗುತ್ತವೆ. ಆ ಸುಲಭತೆಯೇ ಈ ತಂತ್ರಕ್ಕೆ ಯೋಗ್ಯತೆ ಮೀರಿದ ಹೆಸರು ತಂದುಕೊಟ್ಟಿದೆ. ಕೈಕಸುಬು ಕಲಿಸುವ ಮಟ್ಟಿಗೆ ಅದು ಸೋತಿದೆ. ಶಹಾಬಾದಿನ ಫರಸಿ ಖಣಿಯನ್ನು ಎದುರಿಗಿಟ್ಟುಕೊಂಡು ಈ ಮಾತು ಹೇಳುತ್ತಿದ್ದೇನೆ.

ಫರಸಿ ಎಂದರೆ ಪದರು ಪದರಾಗಿ ಕೂತ ಸುಣ್ಣಕಲ್ಲು. ಪದರಿನ ಸಂದಿಗೆ ಉಳಿ ಹಚ್ಚಿ, ಸುತ್ತಿಗೆಯಿಂದ ಬಡಿದು, ಸಬ್ಬಲ್ ಹಾಕಿ ಎಬ್ಬಿಸಬೇಕು. ಇದನ್ನು ಹೆಡ್‌ಸೆಟ್ಟಿನೊಳಗೆ ಕಲಿಸಲು ಹೊರಟರೆ ಎಂಜಿನ್‌ಗೆ ಸಿಗುವುದೇನು? ಓಪನ್‌ಎಕ್ಸ್‌ಆರ್ ಮಾನದಂಡದಲ್ಲಿ ಒಂದು ಕೈಗೆ 26 ಬಿಂದುಗಳು, ಅವುಗಳ ಸ್ಥಾನ, ತಿರುವು. ಭಾರವಿಲ್ಲ, ಒತ್ತಡವಿಲ್ಲ. ಹೆಬ್ಬೆರಳು ತೋರುಬೆರಳುಗಳ ತುದಿ ಇಷ್ಟು ಹತ್ತಿರ ಬಂದರೆ ಹಿಡಿದಂತೆ, ಇಷ್ಟು ದೂರ ಸರಿದರೆ ಬಿಟ್ಟಂತೆ. ಎರಡಕ್ಕೂ ಒಂದೇ ಅಂತರ ಇಟ್ಟರೆ ಕೈ ತುಸು ನಡುಗಿದರೂ ಉಳಿ ಜಾರುತ್ತದೆ. ಹಾಗಾಗಿ ಬಿಡುವ ಅಂತರವನ್ನು ಹೆಚ್ಚಿಸುತ್ತಾರೆ; ಆಗ ಉಳಿ ಬೆರಳಿಗೆ ಅಂಟಿಕೊಳ್ಳುತ್ತದೆ. ಈ ಕೊರತೆ ಕಣ್ಣಿಗೆ ಬೀಳದಿರಲೆಂದು, ಮೊದಲೇ ಮಾಡಿಟ್ಟ ಹಿಡಿತದ ಭಂಗಿಗೆ ಪರದೆಯ ಕೈಯನ್ನು ಕೂರಿಸುತ್ತಾರೆ. ಕಲಿಯುವವನು ಉಳಿಯನ್ನು ತಪ್ಪಾಗಿ ಹಿಡಿದಿದ್ದರೂ ಅವನಿಗೆ ಕಾಣುವುದು ಸರಿಯಾದ ಹಿಡಿತ! ತಿದ್ದಬೇಕಾದ ತಪ್ಪನ್ನೇ ಮುಚ್ಚಿಹಾಕುವ ಈ ಒಂದು ಹೆಜ್ಜೆಯಿಂದಲೇ ಪಾಠ ಕೆಡುತ್ತದೆ.

ನಿಜವಾದ ಸುತ್ತಿಗೆಯನ್ನೇ ಕೈಗೆ ಕೊಟ್ಟರೆ ಬೆರಳುಗಳು ಹಿಡಿಕೆಯ ಮರೆಗೆ ಸರಿಯುತ್ತವೆ, ಕ್ಯಾಮೆರಾ ಕಾಣದ್ದನ್ನು ಊಹಿಸತೊಡಗುತ್ತದೆ. ಕ್ವೆಸ್ಟ್‌ನ ಹ್ಯಾಂಡ್ ಟ್ರ್ಯಾಕಿಂಗ್‌ಗೆ 2022ರಲ್ಲಿ ಆದ ಸುಧಾರಣೆಯ ಮೇಲೆ ಕೈಗೆ ಕೈ ಅಡ್ಡ ಬಂದಾಗಿನ ಎಡವಟ್ಟು ಕಡಿಮೆಯಾಯಿತು, ನಿಜ. ಆದರೆ ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಯ ಕೆಲಸಕ್ಕೆ ಬೇಕಾದ ದಪ್ಪ ಕೈಗವಸು ತೊಟ್ಟ ಕೈಯನ್ನು ಗುರುತಿಸುವಾಗ ಬರಿಗೈಗೆಂದು ಪಳಗಿದ ವ್ಯವಸ್ಥೆ ತಡವರಿಸುತ್ತದೆ.

ಹಳ್ಳಿಯ ಕಾರ್ಮಿಕರಿಗೆ ಗುಂಡಿ ಕಷ್ಟ, ಬರಿಗೈ ಸಹಜ ಎನ್ನುವ ವಿಮರ್ಶಕರ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ಚಿತ್ತಾಪುರ, ಚಿಂಚೋಳಿ ಕಡೆಯ ಹುಡುಗರು ಟ್ರ್ಯಾಕ್ಟರ್ ಓಡಿಸುತ್ತಾರೆ, ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಯಂತ್ರ ನಡೆಸುತ್ತಾರೆ. ನಾಲ್ಕು ಗುಂಡಿ ಅವರಿಗೆ ಯಾವ ಲೆಕ್ಕ? ಗಾಳಿಯಲ್ಲಿ ಎರಡು ಬೆರಳು ಕೂಡಿಸಿ ಸುತ್ತಿಗೆ ಎತ್ತುವುದನ್ನೂ ಕಲಿಸಲೇಬೇಕು. ಕಂಟ್ರೋಲರ್ ಆದರೂ ನಡುಗಿ, ಪೆಟ್ಟು ತಾಗಿತೆಂದು ಅಂಗೈಗೆ ತಿಳಿಸುತ್ತದೆ. 2024ರ ಆಪಲ್ ವಿಷನ್ ಪ್ರೊ ಕಣ್ಣೋಟ ಮತ್ತು ಬೆರಳ ಸನ್ನೆಯಲ್ಲೇ ನಡೆಯುತ್ತದಲ್ಲ ಎಂದು ಆ ವಿಮರ್ಶಕರು ವಾದ ಹೂಡುತ್ತಾರೆ. ಮೆನು ಆರಿಸಲು, ಚಿತ್ರ ಹಿಗ್ಗಿಸಲು ಅಷ್ಟು ಸಾಕು. ಅದನ್ನೇ ಕಸುಬಿಗೂ ಪುರಾವೆ ಮಾಡುವವರು ಬಡಿಯುವ ಕೈಯನ್ನು ಗಮನವಿಟ್ಟು ನೋಡಿಲ್ಲ.

ಈ ತಂತ್ರ ಒಪ್ಪುವ ಜಾಗವೂ ಇದೆ. ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪದ ಶಿಲ್ಪಗಳನ್ನು, ಅಶೋಕನ ಹೆಸರು ಕೊರೆದ ಫಲಕವನ್ನು, ಹೆಡ್‌ಸೆಟ್ಟಿನೊಳಗೆ ಬರಿಗೈಯಿಂದ ಹೊರಳಿಸಿ ನೋಡುವಂತೆ ಯಾರಾದರೂ ಮಾಡಿದರೆ ಮನಸಾರೆ ಮೆಚ್ಚುತ್ತೇನೆ. ಅಲ್ಲಿ ಕಲ್ಲಿನ ಭಾರ ತಿಳಿಯಬೇಕಿಲ್ಲ.

ತರಬೇತಿಯ ಆ್ಯಪ್ ಕಟ್ಟುವವರಲ್ಲಿ ಕೇಳಿಕೊಳ್ಳುವುದಿಷ್ಟೇ: ಮೆನುವಿಗೆ ಬರಿಗೈ ಇರಲಿ. ಸುತ್ತಿಗೆಯ ಪಾಠಕ್ಕೆ ನಿಜವಾದ ಹಿಡಿಕೆ ಕೊಟ್ಟು, ಅದಕ್ಕೆ ಕಂಟ್ರೋಲರ್ ಕಟ್ಟಿ. ಸಿದ್ಧ ಭಂಗಿಯನ್ನು ತೆಗೆದುಹಾಕಿ. ಬಿಡುಗಡೆಗೆ ಮುಂಚೆ ಖಣಿಯಲ್ಲಿ ದುಡಿದವರ ಕೈಗೆ ಕೊಟ್ಟು ನೋಡಿ, ಅವರು ಬೇಡವೆಂದರೆ ನಿಲ್ಲಿಸಿ.